ಮಾವ ಬಾವಿಗಿಳಿಸಿದ ವಾಚು

ಬೀದಿಯಲ್ಲಿ ಯಾರಾದರೂ ಟೈಮ್ ಎಷ್ಟೆಂದು ಕೇಳಿದರೆ ನಾವೆಲ್ಲ ಕೈ ನೋಡಿ ಹೇಳಿಬಿಡುತ್ತೇವೆ. ನನ್ನ ಮಾವ ರುದ್ರಪ್ಪನವರು ಹಾಗೆ ಹೇಳುವವರಲ್ಲ. ಕೇಳಿದವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ "ಯಾಕೆ?" ಅನ್ನುತ್ತಿದ್ದರು. ಬಸ್ಸಿಗೆ ಅಂದರೆ ಯಾವ ಬಸ್ಸು, ಎಲ್ಲಿಗೆ, ಅಲ್ಲಿ ಯಾರಿದ್ದಾರೆ ಎಂದು ವಿಚಾರಿಸುತ್ತಿದ್ದರು. ಉತ್ತರ ಸಮಾಧಾನವಾದರೆ ಟೈಮ್ ಸಿಗುತ್ತಿತ್ತು. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

ಹುಟ್ಟುಗುಣವೋ, ಕೆಲಸದಿಂದ ಬಂದ ಚಾಳಿಯೋ, ಹೇಳುವುದು ಕಷ್ಟ. ನಿವೃತ್ತರಾಗುವವರೆಗೂ ಅವರು ಭದ್ರಾವತಿಯ ಒಂದು ಕಾರ್ಖಾನೆಯ ಟೈಮಾಫೀಸಿನಲ್ಲಿದ್ದರು. ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತು ಯಾರು ತಡವಾಗಿ ಬಂದರು, ಯಾರ ಕಾರ್ಡನ್ನು ಯಾರು ಒತ್ತಿದರು ಎಂದು ಹಿಡಿಯುವುದೇ ಅವರ ಉದ್ಯೋಗ. ಆ ಕಿಟಕಿಯ ಮುಂದೆ ಕೆಲವರ ಅಜ್ಜಿಯರು ಎರಡೆರಡು ಸಲ ಸತ್ತಿದ್ದರಂತೆ. ಹಣೆಯ ತುಂಬ ವಿಭೂತಿ, ಅದರ ಕೆಳಗೆ ಯಾರನ್ನೂ ನಂಬದ ಎರಡು ಕಣ್ಣು. ಕಾರ್ಖಾನೆಯ ಸೈರನ್ ಕೂಗಿದಾಗಲೂ ಅವರು ಕೈಗಡಿಯಾರ ನೋಡಿಕೊಂಡು, "ಇವತ್ತು ಸೈರನ್ನೇ ಲೇಟು" ಅನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾನು ಶಿವಮೊಗ್ಗದಲ್ಲಿ ಪಶುವೈದ್ಯನಾಗಿದ್ದೆ. ಅವರ ಎರಡನೆಯ ಮಗಳು ಶೈಲಾಳನ್ನು ನೋಡಲು ಭದ್ರಾವತಿಗೆ ಹೊರಟ ದಿನವೇ ಒಂದು ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿತು. ಅದನ್ನು ಎಳೆದು ಹಾಕಿ, ಕೈ ತೊಳೆದು, ಅವರ ಮನೆ ಸೇರುವಾಗ ಉಪ್ಪಿಟ್ಟು ಆರಿ ಹೋಗಿತ್ತು. ಕಾರಣ ಹೇಳಿದೆ. ಮಾವ "ಓಹೋ" ಅಂದರು, ಅಷ್ಟೇ. "ಹಸು ಯಾವ ಊರಿಂದು?" ಎಂದು ಮಾತ್ರ ಕೇಳಿದರು. ಲೋಕಾಭಿರಾಮದ ಮಾತು ಅಂದುಕೊಂಡು ಹೇಳಿದೆ. ಮಾರನೆಯ ದಿನ ಆ ಮನುಷ್ಯ ಬಸ್ಸು ಹತ್ತಿ ಆ ಊರಿಗೇ ಹೋಗಿ, ಕೊಟ್ಟಿಗೆಯೊಳಗೆ ಬಗ್ಗಿ ನೋಡಿ ಬಂದರು. "ಕರು ಇದೆ," ಎಂದು ಮನೆಯಲ್ಲಿ ಹೇಳಿದರಂತೆ. "ಹೆಣ್ಗರು. ಹುಡುಗ ಸುಳ್ಳು ಹೇಳಿಲ್ಲ." ನನ್ನ ಮದುವೆ ನಿಶ್ಚಯವಾದದ್ದು ಹೀಗೆ. ಈ ಸಂಗತಿ ತಿಳಿದಾಗ ನನಗೆ ಸಿಟ್ಟೂ ಬಂತು, ನಗುವೂ ಬಂತು.

ಅವರ ಅನುಮಾನಕ್ಕೆ ಒಂದು ಕಾರಣವಿತ್ತು. ದೊಡ್ಡ ಮಗಳು ಗಿರಿಜಕ್ಕನ ಮದುವೆಯಲ್ಲಿ ಅಳಿಯನಿಗೆ ಉಂಗುರ, ಸೂಟಿನ ಜೊತೆ ಒಂದು ಚಿನ್ನದ ಬಣ್ಣದ ವಾಚು ಕೊಟ್ಟಿದ್ದರು. ಆಮೇಲೆ ಹೋದಾಗಲೆಲ್ಲ ಆ ವಾಚು ಬೀರುವಿನಲ್ಲಿ ಡಬ್ಬಿಯೊಳಗೇ ಇರುತ್ತಿತ್ತು. ಅಳಿಯ ಜೋಪಾನದ ಮನುಷ್ಯ ಎಂದು ಮಾವ ಹಿಗ್ಗಿದ್ದರು. ನಿಜ ಸಂಗತಿ ಏನೆಂದರೆ, ಆತ ಕೆಲಸ ಬಿಟ್ಟು ವರ್ಷದ ಮೇಲಾಗಿತ್ತು. ದಿನಾ ಬೆಳಿಗ್ಗೆ ಡ್ಯೂಟಿ ಎಂದು ಹೊರಟು ಎಲ್ಲೋ ಕೂತು ಬರುತ್ತಿದ್ದ. ಗಿರಿಜಕ್ಕ ಅಡುಗೆಮನೆಯ ಖಾಲಿ ಡಬ್ಬಗಳನ್ನು ಮುಚ್ಚಿಟ್ಟುಕೊಂಡು, ಅಪ್ಪ ಬಂದಾಗ ನಗುತ್ತಾ ಕಾಫಿ ಕೊಡುತ್ತಿದ್ದರು. ಕೊನೆಗೆ ಅವನು ಅವರನ್ನು ಬಿಟ್ಟು ಹೋದ. ಗಿರಿಜಕ್ಕ ತವರಿಗೆ ಬಂದು ಹೊಲಿಗೆ ಮೆಷಿನ್ ಹಾಕಿಕೊಂಡರು. ಇಡೀ ಕಾರ್ಖಾನೆಯ ಸುಳ್ಳು ಹಿಡಿದವರಿಗೆ ಸ್ವಂತ ಮಗಳ ಮನೆಯ ಸುಳ್ಳು ಕಾಣಲಿಲ್ಲ. ಆ ನೋವು ಅವರೊಳಗೆ ಕೊನೆಯವರೆಗೂ ಹಸಿಯಾಗಿಯೇ ಇತ್ತು.

ಹಾಗಾಗಿ ನನಗೆ ಕೊಡುವ ವಾಚಿನ ವಿಷಯ ಅವರಿಗೆ ಬರೀ ಶಾಸ್ತ್ರವಾಗಿರಲಿಲ್ಲ. "ಬೀರುನಲ್ಲಿಡೋ ವಾಚು ಕೊಡಲ್ಲ ಡಾಕ್ಟ್ರೇ. ಒಂದೇ ಕೊಡ್ತೀನಿ, ಒಳ್ಳೇದೇ ಕೊಡ್ತೀನಿ. ದಿನಾ ಕಟ್ಟಬೇಕು. ಕೊಟ್ಟಿಗೆಗೂ ಆಗಬೇಕು, ಕಲ್ಯಾಣಮಂಟಪಕ್ಕೂ ಆಗಬೇಕು," ಅಂದರು. ಶಿವಮೊಗ್ಗದ ಗಾಂಧಿಬಜಾರಿನಲ್ಲಿದ್ದ ಖಾದರ್ ಸಾಹೇಬರ ವಾಚಿನ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಚಿನ್ನದ ಬಣ್ಣದ್ದನ್ನು ತೋರಿಸಿದರೆ ಮುಖ ತಿರುಗಿಸಿದರು. ಚರ್ಮದ ಪಟ್ಟಿಯದಕ್ಕೆ "ಗಂಜಲ ಕುಡಿದ್ರೆ ನಾರುತ್ತೆ" ಅಂದರು. ರಬ್ಬರಿನ ಡಿಜಿಟಲ್ ತೋರಿಸಿದಾಗ, "ಮದುವೆ ಗಂಡಿಗೋ, ಸ್ಕೂಲ್ ಹುಡುಗನಿಗೋ?" ಎಂದು ಅಂಗಡಿಯವರನ್ನೇ ಗದರಿದರು. ಹಲವು ವಾರ ಹೀಗೇ ನಡೆಯಿತು. ಮದುವೆ ಹತ್ತಿರ ಬಂತು, ವಾಚು ಬರಲಿಲ್ಲ. ನನಗಂತೂ ಬೇಸರ ಬಂದು, ವಾಚೇ ಬೇಡ ಎಂದು ಹೇಳಿ ಕಳಿಸಿದೆ. "ಯಾಕೆ ಬೇಡವಂತೆ?" ಎಂದು ಅದಕ್ಕೂ ಅನುಮಾನಪಟ್ಟರು!

ಕೊನೆಗೊಂದು ದಿನ ಖಾದರ್ ಸಾಹೇಬರು ಬೊಂಬಾಯಿಂದ ತರಿಸಿದ ಸ್ವಿಸ್ ವಾಚೊಂದನ್ನು ಗಲ್ಲಾದೊಳಗಿಂದ ತೆಗೆದರು. ಸಮುದ್ರದಲ್ಲಿ ಮುಳುಗುವವರು ಕಟ್ಟುವಂಥದ್ದು. ಸ್ಟೀಲಿನದು, ಕಪ್ಪು ಮುಖ, ಸುತ್ತ ತಿರುಗುವ ಒಂದು ರಿಂಗು.

"ಇನ್ನೂರು ಮೀಟರ್ ನೀರೊಳಗೆ ಏನೂ ಆಗಲ್ಲ ಸಾರ್. ಪಕ್ಕಾ ಮಾಲು."

"ಅಲ್ಲಿಗೆ ಹೋಗಿ ನೋಡಿದೋರು ಯಾರು?"

"ಕಂಪ್ನಿಯವ್ರೇ ಬರ್ದಿದಾರಲ್ಲ ಸಾರ್."

"ಬರ್ದಿದ್ದೆಲ್ಲ ನಿಜ ಆಗಿದ್ರೆ ನಂಗೆ ಟೈಮಾಫೀಸ್ನಲ್ಲಿ ಕೆಲಸಾನೇ ಇರ್ತಿರ್ಲಿಲ್ಲ. ನಮ್ಮನೆ ಬಾವಿಗಿಳಿಸಿ ನೋಡ್ತೀನಿ, ಕೊಡಿ."

ಅಷ್ಟು ಬೆಲೆಯ ವಾಚನ್ನು ಖಾದರ್ ಸಾಹೇಬರಾದರೂ ಹೇಗೆ ಕೊಟ್ಟು ಕಳಿಸಿಯಾರು? ಅವರಿಗೂ ಅನುಮಾನ. ಶುಕ್ರವಾರ ಅಂಗಡಿಗೆ ಬೀಗ ಹಾಕಿ, ನಮಾಜು ಮುಗಿಸಿಕೊಂಡು, ವಾಚನ್ನು ಜೇಬಿನಲ್ಲಿಟ್ಟು ಜೇಬಿನ ಮೇಲೆ ಕೈ ಇಟ್ಟುಕೊಂಡೇ ನನ್ನ ಜೊತೆ ಭದ್ರಾವತಿಗೆ ಬಂದರು. ಮಾವ ಬುಟ್ಟಿಯಲ್ಲಿ ಒಂದು ಕಲ್ಲಿಟ್ಟು, ವಾಚನ್ನು ಅದಕ್ಕೆ ಬಿಗಿದು ಬಾವಿಗೆ ಬಿಟ್ಟರು. ಆಮೇಲೆ ಇಬ್ಬರೂ ಬಾವಿಕಟ್ಟೆಯ ಮೇಲೆ ಎದುರುಬದುರು ಕೂತರು. ಒಬ್ಬರು ವಾಚಿನ ಮೇಲೆ ಅನುಮಾನಪಟ್ಟು ಕಾಯುತ್ತಿದ್ದರೆ, ಇನ್ನೊಬ್ಬರು ಎದುರಿಗಿದ್ದವರ ಮೇಲೆ ಅನುಮಾನಪಟ್ಟು ಕಾಯುತ್ತಿದ್ದರು. ಹಗ್ಗವನ್ನು ಇಬ್ಬರೂ ಹಿಡಿದುಕೊಂಡಿದ್ದರು. ಕಾಫಿ ತಂದ ಗಿರಿಜಕ್ಕ ಆ ನೋಟ ನೋಡಿ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಓಡಿದರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ಮೇಲೆತ್ತಿದಾಗ ವಾಚು ನಡೆಯುತ್ತಿತ್ತು. ಗಾಜಿನೊಳಗೆ ಒಂದು ಹನಿಯೂ ಇಲ್ಲ. ಆದರೂ ಮಾವನಿಗೆ ತೃಪ್ತಿಯಿಲ್ಲ. ರಿಂಗನ್ನು ತಿರುಗಿಸಿ ನೋಡುತ್ತಾ, "ಇದೇನು ಈ ಕಡೆ ತಿರುಗುತ್ತೆ, ಆ ಕಡೆ ತಿರುಗಲ್ಲ? ಕೆಟ್ಟಿದೆ," ಅಂದರು.

"ಕೆಟ್ಟಿಲ್ಲ ಸಾರ್, ಇರೋದೇ ಹಂಗೆ," ಎಂದರು ಖಾದರ್ ಸಾಹೇಬರು. "ನೀರಿಗೆ ಇಳಿಯೋವ್ನು ಈ ಗುರ್ತನ್ನ ನಿಮಿಷದ ಮುಳ್ಳಿನ ಎದುರಿಗಿಟ್ಕೊಂಡು ಇಳೀತಾನೆ. ಎಷ್ಟೊತ್ತಾಯ್ತು ಅಂತ ಅದನ್ನ ನೋಡೇ ಗೊತ್ತಾಗೋದು. ಬಂಡೆಗೆ ಗಿಂಡೆಗೆ ತಾಗಿ ಅಕಸ್ಮಾತ್ ತಿರುಗಿದ್ರೂ, ಟೈಮ್ ಜಾಸ್ತಿ ಆಗಿದೆ ಅಂತ್ಲೇ ತೋರ್ಸುತ್ತೆ. ಕಮ್ಮಿ ಅಂತ ತೋರ್ಸಲ್ಲ. ಅವನು ಬೇಗ ಮೇಲೆ ಬರ್ತಾನೆ. ಜೀವ ಉಳಿಯುತ್ತೆ."

ಮಾವ ತುಂಬ ಹೊತ್ತು ಆ ರಿಂಗನ್ನು ಕಟಕಟ ತಿರುಗಿಸಿದರು. "ಅಂದ್ರೆ ತಪ್ಪಿದ್ರೂ ಹುಷಾರಿನ ಕಡೆಗೇ ತಪ್ಪುತ್ತೆ ಅನ್ನಿ," ಅಂದರು. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. "ಇದನ್ನ ಮಾಡಿದೋನು ಯಾವನೋ ಟೈಮಾಫೀಸಿನೋನೇ ಇರಬೇಕು ಮಾರಾಯ್ರೇ!" ವ್ಯಾಪಾರ ಅಲ್ಲೇ ಮುಗಿಯಿತು. ಎಷ್ಟು ಕೊಟ್ಟರೆಂದು ನನಗೆ ಕೊನೆಗೂ ಹೇಳಲಿಲ್ಲ. ಖಾದರ್ ಸಾಹೇಬರು ಆ ಮೇಲೆ ಎಷ್ಟೋ ಶುಕ್ರವಾರ ಕೆಲಸವಿಲ್ಲದಿದ್ದರೂ ಆ ಬಾವಿಕಟ್ಟೆಗೆ ಬಂದು ಕೂರುತ್ತಿದ್ದರು.

ಮದುವೆಯಾದ ಮೇಲೆ ನಾವು ಶಿವಮೊಗ್ಗದ ವಿನೋಬನಗರದಲ್ಲಿ ಮನೆ ಮಾಡಿದೆವು. ಮಾವ ಹೇಳದೆ ಕೇಳದೆ ಬರುತ್ತಿದ್ದರು. ವಾಚು ನನ್ನ ಕೈಯಲ್ಲಿ ಇರುತ್ತಿತ್ತು, ಸಗಣಿ ಬಳಿದುಕೊಂಡು ಇರುತ್ತಿತ್ತು. ಅದರಿಂದ ಅವರಿಗೆ ಸಮಾಧಾನವಾದೀತು ಅಂದುಕೊಂಡಿದ್ದೆ. ಎಲ್ಲಿ ಬಂತು! "ನಿನ್ನೆ ಸಾಯಂಕಾಲ ಎಲ್ಲಿದ್ರಿ?" ಎಂದು ನನ್ನನ್ನು ಕೇಳಿ, ಅದೇ ಪ್ರಶ್ನೆಯನ್ನು ಅಡುಗೆಮನೆಗೆ ಹೋಗಿ ಶೈಲಾಳನ್ನೂ ಕೇಳುತ್ತಿದ್ದರು. ನಾನು ಒಮ್ಮೆ ರೇಗಿ, "ನಿಮ್ಮಪ್ಪನಿಗೆ ನನ್ನ ಮೇಲೆ ನಂಬಿಕೆ ಬರೋದು ಯಾವಾಗ?" ಅಂದೆ.

"ನನ್ನ ಮೇಲೆ ಮೊದ್ಲು ಬರ್ಲಿ," ಎಂದಳು ಶೈಲಾ. "ಚೆನ್ನಾಗಿದೀನಿ ಅಪ್ಪಾಜಿ ಅಂತ ಎಷ್ಟು ಹೇಳಿದ್ರೂ ಅಕ್ಕಿ ಡಬ್ಬ, ಬೇಳೆ ಡಬ್ಬ ತೆಗೆದು ನೋಡೇ ಹೋಗೋದು."

ಆ ಮೇಲೆ ನನಗೆ ರೇಗಲು ಆಗಲಿಲ್ಲ. ಆದರೆ ಒಂದು ದಿನವಾದರೂ ಈ ಮನುಷ್ಯ ನನ್ನ ಮಾತನ್ನು ಮಾತೆಂದು ಒಪ್ಪಲಿ ಎಂಬ ಆಸೆ ಹೋಗಲಿಲ್ಲ.

ವರ್ಷಗಳು ಕಳೆದವು. ಮಾವನಿಗೆ ಉಬ್ಬಸ ಹೆಚ್ಚಿ ಓಡಾಟ ನಿಂತಿತು. ಆಗ ನಮ್ಮ ಶಿವಮೊಗ್ಗದ ರವೀಂದ್ರನಗರದಲ್ಲಿದ್ದ ಶಿವಾನಂದ ಎಂಬ ಮೇಷ್ಟ್ರು, ಹೆಂಡತಿಯನ್ನು ಕಳೆದುಕೊಂಡವರು, ಗಿರಿಜಕ್ಕನನ್ನು ಮದುವೆಯಾಗುತ್ತೇನೆಂದು ಕೇಳಿ ಬಂದರು. ಮಾವ ಮುಖ ಕೊಟ್ಟು ಮಾತಾಡದೆ ಕಳಿಸಿದರು. ಯಾವತ್ತೂ ಏನನ್ನೂ ಕೇಳದ ಗಿರಿಜಕ್ಕ ಅಂದು, "ಅಪ್ಪಾಜಿ, ಬೇಡ ಅನ್ನೋಕೆ ಮುಂಚೆ ಒಂದ್ಸಲ ವಿಚಾರಿಸಿ ನೋಡಿ," ಅಂದರಂತೆ. ಮಾವ ನನ್ನನ್ನು ಕರೆಸಿದರು. "ನಂಗೆ ಬಸ್ ಹತ್ತಕ್ಕಾಗಲ್ಲ ಡಾಕ್ಟ್ರೇ. ನೀವು ನೋಡ್ಕೊಂಡು ಬನ್ನಿ."

ಹೋದೆ. ಹಾಲಿನವನನ್ನು ಕೇಳಿದೆ, ಅಕ್ಕಪಕ್ಕದವರನ್ನು ಕೇಳಿದೆ, ಅವರ ಶಾಲೆಯ ಜವಾನನಿಗೆ ಚಹಾ ಕುಡಿಸಿದೆ. ಭಾನುವಾರ ಹೇಳದೆ ಮನೆಗೇ ನುಗ್ಗಿದೆ. ಮೇಷ್ಟ್ರು ಜಗಲಿಯಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ನನ್ನನ್ನು ನೋಡಿ ಎದ್ದು, ಒಳಗೆ ಕರೆದುಕೊಂಡು ಹೋಗಿ ಅಡುಗೆಮನೆಯ ಬಾಗಿಲನ್ನೂ ಬೀರುವಿನ ಬಾಗಿಲನ್ನೂ ತೆರೆದಿಟ್ಟರು. "ನೋಡ್ಕೊಳ್ಳಿ ಸಾರ್. ಅವ್ರ ಮನೇಲಿ ಏನಾಗಿತ್ತು ಅಂತ ಗೊತ್ತು ನಂಗೆ. ಬೇಜಾರೇನಿಲ್ಲ," ಅಂದರು. ನನಗೆ ನಾಚಿಕೆಯಾಯಿತು. ಆದರೂ ನೋಡಿದೆ.

ಗಿರಿಜಕ್ಕನ ಮದುವೆಯನ್ನು ಕಾಣಲು ಮಾವ ಉಳಿಯಲಿಲ್ಲ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಈ ಸಮಾಚಾರ ತೆಗೆದುಕೊಂಡು ಭದ್ರಾವತಿಗೆ ಹೋದ ಸಂಜೆ. ಅವರು ದಿಂಬಿಗೊರಗಿ ಕೂತು ಉಸಿರು ಎಳೆಯುತ್ತಿದ್ದರು. ಗಿರಿಜಕ್ಕ ಬಾಗಿಲ ಬಳಿ ನಿಂತಿದ್ದರು. ಯಾವತ್ತು ಹೋದೆ, ಯಾರು ಏನೆಂದರು, ಅವರನ್ನು ಯಾಕೆ ನಂಬಬಹುದು ಎಂದು ಬಸ್ಸಿನುದ್ದಕ್ಕೂ ಉತ್ತರ ಕಟ್ಟಿಕೊಂಡು ಬಂದಿದ್ದೆ.

"ಒಪ್ಪಬಹುದು ಮಾವ," ಅಂದೆ.

"ಸರಿ," ಅಂದರು. ಮಗಳ ಕಡೆ ತಿರುಗಿ, "ಡಾಕ್ಟ್ರಿಗೆ ಕಾಫಿ ಕೊಡಮ್ಮ," ಅಂದರು.

ಗಿರಿಜಕ್ಕ ಅಳುತ್ತಲೇ ಒಳಗೆ ಹೋಗಿ ಕಾಫಿ ತಂದಿಟ್ಟರು. ನಾನು ಕಾಯುತ್ತಿದ್ದೆ. ಪ್ರಶ್ನೆ ಬರಲಿಲ್ಲ. "ಹಾಲಿನವನ ಹತ್ರ ಮಾತಾಡಿದೆ ಮಾವ, ಜವಾನನ ಹತ್ರಾನೂ..." ಎಂದು ನಾನೇ ಶುರುಮಾಡಿದೆ.

"ನೀವು ನೋಡಿದೀರಲ್ಲ ಡಾಕ್ಟ್ರೇ. ಇನ್ನೇನು ಕೇಳೋದು?"

ಇಷ್ಟು ವರ್ಷ ನಾನು ಹಂಬಲಿಸಿದ್ದು ಈ ಒಂದು ಮಾತಿಗೆ. ಅದು ಸಿಕ್ಕಿದಾಗ ಸಂತೋಷವಾಗಲಿಲ್ಲ, ಭಯವಾಯಿತು. ಇವರು ಹೊರಟು ನಿಂತಿದ್ದಾರೆ ಎಂದು ಮನಸ್ಸಿಗೆ ಗೊತ್ತಾಗಿಬಿಟ್ಟಿತು. ಅವರ ಕೈ ಹಿಡಿದುಕೊಂಡೆ.

"ಒಂದಾದ್ರೂ ಕೇಳಿ ಮಾವ," ಅಂದೆ.

ಅವರು ಕಣ್ಣು ಮುಚ್ಚಿಕೊಂಡೇ, "ಕಾಫಿ ಆರುತ್ತೆ, ಕುಡೀರಿ," ಅಂದರು.