ಎರಡನೇ ಬಟ್ಟೆ ನೆಂದಾಗ

ಗುರುವಾರ ಬೆಳಿಗ್ಗೆ ಆರೂಕಾಲು. ಅರಸೀಕೆರೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಚೀಟಿ ಕೊಡುವ ಕಿಟಕಿ ಇನ್ನೂ ತೆರೆದಿಲ್ಲ. ಹೆರಿಗೆ ವಾರ್ಡಿನ ಪಕ್ಕದ ಖಾಲಿ ಕೋಣೆಯಲ್ಲಿ ನರ್ಸ್ ಮಂಜುಳಾ ಮಂಚದ ಮೇಲೆ ಮಲಗಿ ನರಳುತ್ತಿದ್ದಾರೆ. ಅವರಿಗೇನೂ ಆಗಿಲ್ಲ. ಹೊಟ್ಟೆಗೆ ಕಟ್ಟಿಕೊಂಡ ಬಟ್ಟೆಚೀಲದೊಳಗೆ ಫುಟ್‌ಬಾಲಿನ ಬ್ಲ್ಯಾಡರ್ ಇದೆ. ಹೊದಿಕೆಯಡಿಯ ಸಲೈನ್ ಬಾಟಲಿಯಿಂದ ಕೆಂಪು ನೀರು ಹರಿದು ಕಾಲಡಿಯ ಬಟ್ಟೆಯನ್ನು ನೆನೆಸುತ್ತಿದೆ. ಪಾಠದ ಪ್ರಕಾರ ಅವರಿಗೆ ಈಗಷ್ಟೇ ಹೆರಿಗೆಯಾಗಿದೆ, ರಕ್ತ ನಿಲ್ಲುತ್ತಿಲ್ಲ.

"ಹಾಸನಕ್ಕೆ ಕಳ್ಸಿ ಡಾಕ್ಟ್ರೇ, ನಮ್ ಸೊಸೆ ಉಳೀಬೇಕು" ಎಂದು ಅತ್ತೆಯ ಪಾತ್ರದಲ್ಲಿರುವ ಆಯಾ ಬೋರಮ್ಮ ಗೋಳಾಡುತ್ತಾರೆ. ಎಂ.ಬಿ.ಬಿ.ಎಸ್. ಮುಗಿಸಿ ಮೂರು ವಾರದ ಹಿಂದೆ ಸೇರಿದ ಡಾ. ಚೇತನ್‌ಕುಮಾರ್ ಅವರ ಕೈ ಜೇಬಿಗೆ ಹೋಗುತ್ತದೆ. ಪೆನ್ನು ತೆಗೆದು ಹಾಸನದ ದೊಡ್ಡಾಸ್ಪತ್ರೆಗೆ ಚೀಟಿ ಬರೆಯತೊಡಗುತ್ತಾರೆ.

ಮೂಲೆಯಲ್ಲಿ ಗಡಿಯಾರ ನೋಡುತ್ತ ನಿಂತ ಡಾ. ಭಾಗ್ಯ ಚೇತನ್ ಅವರನ್ನು ತಡೆಯುವುದಿಲ್ಲ. ಚೀಟಿ ಮುಗಿಯುವವರೆಗೂ ಕಾಯುತ್ತಾರೆ.

"ಅಕ್ಷರ ಚೆನ್ನಾಗಿದೆ. ಮಂಜುಳಾ ಮಾತ್ರ ಹಾಸನದ ದಾರೀಲಿ ದುದ್ದಾನೂ ದಾಟಲ್ಲ."

"ನಾನು ಸತ್ತಿದ್ರೆ ಎದ್ದೇಳ್ಲಾ ಮೇಡಂ? ಬೆನ್ನು ಹಿಡ್ಕೊಂಡಿದೆ" ಎನ್ನುತ್ತಾರೆ ಮಂಜುಳಾ.

ಭಾಗ್ಯ ಅವರಿಗೆ ಇಪ್ಪತ್ತೊಂಬತ್ತು. ಊರು ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ. ಕಾಗದದ ಮೇಲೆ ಅವರೂ ವಿದ್ಯಾರ್ಥಿಯೇ: ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಎಂ.ಎಸ್. ಕೊನೆಯ ವರ್ಷ, ಇಲ್ಲಿಗೆ ಮೂರು ತಿಂಗಳ ನಿಯೋಜನೆ. ಕಲಿಸುವುದು ಅವರ ಕೆಲಸದ ಪಟ್ಟಿಯಲ್ಲಿಲ್ಲ. ಆದರೂ ಹತ್ತು ವಾರಗಳಲ್ಲಿ ಐವತ್ತೆರಡು ಬೆಳಗಿನ ಪಾಠಗಳಾಗಿವೆ. ಏಳು ಕಿರಿಯ ವೈದ್ಯರು, ಹನ್ನೊಂದು ನರ್ಸ್‌ಗಳು ಕಲಿತಿದ್ದಾರೆ. ಒಂಬತ್ತಕ್ಕೆ ಹೊರರೋಗಿಗಳ ಸಾಲು ಶುರುವಾಗುತ್ತದೆ, ಅಷ್ಟರಲ್ಲಿ ಕೋಣೆ ತೊಳೆದಿರಬೇಕು.

ಅವರ ಕಾಲೇಜಿನಲ್ಲಿ ಕಣ್ಣು ಮಿಟುಕಿಸುವ, ನಾಡಿ ಮಿಡಿಯುವ ಬೊಂಬೆಗಳಿವೆ. ಇಲ್ಲಿರುವುದು ಬಾಣಾವರದ ದರ್ಜಿ ಹೊಲಿದುಕೊಟ್ಟ ಚೀಲ. ಕಿರಿಯರು ಹೊಟ್ಟೆಯನ್ನು ಸರಿಯಾಗಿ ಉಜ್ಜಿದರೆ ಮಂಜುಳಾ ಹೊದಿಕೆಯಡಿಯ ಗಾಳಿ ಪಂಪನ್ನು ಗುಟ್ಟಾಗಿ ಒತ್ತುತ್ತಾರೆ, ಬ್ಲ್ಯಾಡರ್ ಬಿಗಿಯುತ್ತದೆ. ತಪ್ಪಿದರೆ ಒತ್ತುವುದಿಲ್ಲ. "ಹೆರಿಗೆ ಆದ್ಮೇಲೆ ರಕ್ತ ನಿಲ್ಬೇಕಾದ್ರೆ ಗರ್ಭಕೋಶ ಕ್ರಿಕೆಟ್ ಚೆಂಡಿನ ಹಾಗೆ ಗಟ್ಟಿ ಆಗ್ಬೇಕು ಅಂತ ಪುಸ್ತಕದಲ್ಲಿದೆ. ನಮ್ ಸಿಸ್ಟರ್‌ಗಳಲ್ಲಿ ಎಷ್ಟು ಜನ ಕ್ರಿಕೆಟ್ ಚೆಂಡು ಮುಟ್ಟಿದಾರೆ? ಸುಲಿದ ತೆಂಗಿನಕಾಯಿ ಅಂದೆ. ಅರಸೀಕೆರೇಲಿ ಅದನ್ನ ಯಾರಿಗೂ ವಿವರಿಸ್ಬೇಕಾಗಿಲ್ಲ" ಎನ್ನುತ್ತಾರೆ ಭಾಗ್ಯ.

ಅವರ ಪಾಠಕ್ಕೆ ಒಂದು ಕಾರಣವಿದೆ. ಮೊದಲ ವರ್ಷದಲ್ಲಿ, ಹೆಸರು ಬೇಡವೆಂದು ಅವರು ಹೇಳುವ ಒಂದು ಆಸ್ಪತ್ರೆಯಲ್ಲಿ, ಅವರೂ ಹೀಗೆಯೇ ಚೀಟಿ ಬರೆಯುತ್ತ ನಿಂತಿದ್ದರು. ಆ ತಾಯಿ ಉಳಿಯಲಿಲ್ಲ. ಅಲ್ಲಿನ ಆಯಾ ಅಷ್ಟರಲ್ಲಿ ಮೂರು ಬಟ್ಟೆ ಹಿಂಡಿದ್ದರು. "ಯಾಕೆ ಹೇಳ್ಲಿಲ್ಲ ಅಂದೆ. ನಿಮಗೆ ನಾವು ಹೇಳೋದಾ ಅಂದ್ರು. ಅವರ ತಪ್ಪಲ್ಲ. ನಮ್ಮವ್ವ ದ್ಯಾವಮ್ಮನೂ ಇಪ್ಪತ್ತಾರು ವರ್ಷ ಆಸ್ಪತ್ರೆ ಕಸ ಗುಡಿಸಿದಾಳೆ. ಕಂಡಿದ್ದನ್ನ ಹೇಳು ಅಂತ ಅವಳಿಗೆ ಒಬ್ಬ ಡಾಕ್ಟರೂ ಹೇಳಿರ್ಲಿಲ್ಲ."

ಹಾಗಾಗಿ ಭಾಗ್ಯ ಇಲ್ಲಿಗೆ ಬಂದ ಮೊದಲ ವಾರವೇ ಬೋರಮ್ಮನ ಜೊತೆ ಕುಳಿತು ಅಳೆದರು. ವಾರ್ಡಿನಲ್ಲಿ ಬಳಸುವ ಹಳೆ ಸೀರೆಯ ತುಂಡೊಂದು ಪೂರ್ತಿ ನೆಂದರೆ ಕಾಲು ಲೀಟರ್. ಎರಡು ನೆಂದರೆ ಅರ್ಧ ಲೀಟರ್. ಅಪಾಯ ಅಲ್ಲಿಂದ ಶುರು. ಅದನ್ನು ಮೊದಲು ಕಾಣುವುದು ಬಟ್ಟೆ ಬದಲಿಸುವವರು, ವೈದ್ಯರಲ್ಲ.

ಸೋಮವಾರದಿಂದ ಚೇತನ್ ಗಂಡಸಿ ಹೋಬಳಿಯ ಆಸ್ಪತ್ರೆಯಲ್ಲಿ ಒಬ್ಬರೇ ವೈದ್ಯರು. ಡ್ಯೂಟಿ ಹಾಕುವ ಹಿರಿಯರು ಭಾಗ್ಯ ಅವರ ಒಂದು ಮಾತಿಗೆ ಕಾಯುತ್ತಿದ್ದಾರೆ. ಭಾಗ್ಯ ಆಗದು ಎಂದರೆ ಆ ಹೋಬಳಿಯ ಬಸುರಿಯರು ನೋವು ತಿನ್ನುತ್ತ ಇನ್ನೂ ಒಂದು ವಾರ ಅರಸೀಕೆರೆಗೇ ಬರಬೇಕು. ಆಗುತ್ತದೆ ಎಂದು ಸುಮ್ಮನೆ ಹೇಳಿಬಿಟ್ಟರೆ ಏನಾಗಬಹುದು ಎಂಬುದು ಅವರಿಗೆ ಗೊತ್ತು.

ಶನಿವಾರ ಕೊನೆಯ ಪರೀಕ್ಷೆ. "ಇವತ್ತು ನೀವು ಅತ್ತೆ ಅಲ್ಲ. ಬೋರಮ್ಮನೇ. ಎರಡನೇ ಬಟ್ಟೆ ನೆಂದ್ರೆ ಬಾಯಿ ಬಿಡ್ಬೇಕು" ಎನ್ನುತ್ತಾರೆ ಭಾಗ್ಯ.

"ಅತ್ತೆ ಆಗೋದು ಸಲೀಸು ಕಣವ್ವ. ಬೋರಮ್ಮನಾಗಿ ಡಾಕ್ಟ್ರಿಗೆ ಹೇಳೋದೇ ಕಷ್ಟ."

ಈ ಸಲ ಅತ್ತೆ ಭಾಗ್ಯ ಅವರೇ. ಬೋರಮ್ಮನಿಗಿಂತ ಜೋರಾಗಿ ಗೋಳಾಡುತ್ತಾರೆ, ಚೇತನ್ ಅವರ ತೋಳು ಹಿಡಿದೆಳೆಯುತ್ತಾರೆ. ಗಾಬರಿಯಲ್ಲಿ ಪೆನ್ನು ಮತ್ತೆ ಹೊರಬರುತ್ತದೆ. "ಡಾಕ್ಟ್ರೇ" ಎಂದು ಬೋರಮ್ಮ ಮೆಲ್ಲಗೆ ಕರೆಯುತ್ತಾರೆ. ಚೇತನ್‌ಗೆ ಕೇಳಿಸುವುದಿಲ್ಲ. ಬೋರಮ್ಮ ಕೈಯಲ್ಲಿರುವ ಬಟ್ಟೆ ನೋಡುತ್ತಾರೆ, ಭಾಗ್ಯ ಅವರ ಮುಖ ನೋಡುತ್ತಾರೆ. ಅಲ್ಲಿ ಯಾವ ಸಹಾಯವೂ ಇಲ್ಲ.

"ಡಾಕ್ಟ್ರೇ, ಪೆನ್ನು ಮಡಗಿ. ಎಲ್ಡನೇ ಬಟ್ಟೆ ನೆಂದೋಗೈತೆ."

ಚೇತನ್ ತಿರುಗುತ್ತಾರೆ. ಪೆನ್ನು ನೆಲಕ್ಕೆ ಬೀಳುತ್ತದೆ. ಒಂದು ಕೈ ಹೊಟ್ಟೆಯ ಮೇಲೆ, ಬಾಯಲ್ಲಿ ಸಹಾಯಕ್ಕೆ ಕೂಗು, ಇಂಜೆಕ್ಷನ್, ಡ್ರಿಪ್. ಮಂಜುಳಾ ಪಂಪು ಒತ್ತುತ್ತಾರೆ. ನಾಲ್ಕು ನಿಮಿಷಕ್ಕೆ ಕೆಂಪು ನೀರು ನಿಲ್ಲುತ್ತದೆ.

"ಆಯ್ತಾ ಮೇಡಂ? ಸೋಮವಾರ ಹೋಗ್ಲಾ?"

"ಗಂಡಸೀಲಿ ಹೆರಿಗೆ ಕೋಣೆ ಆಯಾ ಹೆಸರೇನು?"

ಚೇತನ್‌ಗೆ ಗೊತ್ತಿಲ್ಲ. ಹೋದ ಶನಿವಾರ ಅಲ್ಲಿಗೆ ಹೋಗಿದ್ದರು. ಔಷಧಿ ಕಪಾಟು ನೋಡಿದ್ದರು, ಆಂಬುಲೆನ್ಸ್ ಚಾಲಕನ ನಂಬರ್ ಪಡೆದಿದ್ದರು. ಭಾಗ್ಯ ಬಟ್ಟೆಗಳನ್ನು ಬಕೆಟ್ಟಿಗೆ ಹಾಕುತ್ತಾರೆ. ಚೇತನ್ ಮೊಬೈಲ್ ಹಿಡಿದು ಹೊರಗೆ ಹೋಗಿ ಐದು ನಿಮಿಷಕ್ಕೆ ವಾಪಸ್ ಬರುತ್ತಾರೆ.

"ರಂಗಮ್ಮ ಅಂತೆ ಮೇಡಂ. ಹದಿನೆಂಟು ವರ್ಷದಿಂದ ಅಲ್ಲೇ ಇದಾರಂತೆ. ಸೋಮವಾರ ಮೊದಲು ಅವರ ಜೊತೆ ಕೂತು ಬಟ್ಟೆ ಅಳೀತೀನಿ ಅಂತ ಹೇಳಿದೀನಿ."

ಭಾಗ್ಯ ಹಿರಿಯರಿಗೆ ಫೋನ್ ಮಾಡುತ್ತಾರೆ. "ಕಳ್ಸಬಹುದು ಸರ್" ಎಂಬ ಎರಡೇ ಮಾತು. ಇನ್ನು ಮೂರು ವಾರಕ್ಕೆ ಅವರ ನಿಯೋಜನೆ ಮುಗಿಯುತ್ತದೆ. ಆಮೇಲೆ ಈ ಚೀಲ, ಪಂಪು ಯಾರಿಗೆ ಎಂದರೆ ಬೋರಮ್ಮನ ಕಡೆ ಕೈ ತೋರಿಸುತ್ತಾರೆ.

ಬೋರಮ್ಮ ನೆಲ ಒರೆಸುತ್ತಿದ್ದಾರೆ. ತಲೆ ಎತ್ತದೆ ಚೇತನ್‌ಗೆ ಹೇಳುತ್ತಾರೆ: "ರಂಗಮ್ಮನ್ನ ನಾನು ಬಲ್ಲೆ. ಅವ್ಳು ಹೇಳ್ತಾಳೆ. ಕೇಳೋ ಕೆಲ್ಸ ನಿಮ್ದು."