ಸರಸಳ ಜಗಲಿಗೆ ಬಂದ ವಾರಿಜಕ್ಕ

ಬಂಟ್ವಾಳದ ಪೇಟೆಯಾಚೆ, ಸರಸಳ ಮನೆಯ ಜಗಲಿಯಲ್ಲಿ ನೆರೆಯ ಹೆಂಗಸರು ಮಧ್ಯಾಹ್ನ ಬೀಡಿ ಕಟ್ಟಲು ಸೇರುತ್ತಿದ್ದರು. ಸರಸಳಿಗೆ ಚಿಕ್ಕಂದಿನ ಜ್ವರದಲ್ಲಿ ಎಡಗಾಲು ಸೋತಿತ್ತು. ಎಂಟನೆಯ ತರಗತಿವರೆಗೆ ಅಣ್ಣ ಶೇಖರ ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ. ಅವನು ಬಸ್ಸಿನ ಕಂಡಕ್ಟರನಾದ ಮೇಲೆ ಅವಳ ಶಾಲೆ ನಿಂತಿತು.

೧೯೫೮ರಲ್ಲಿ ಶೇಖರ ಮೂಡುಬಿದಿರೆಯಿಂದ ದಪ್ಪನೆಯ ಪುಸ್ತಕವೊಂದನ್ನು ತಂದ. ವರ್ಗವಾಗಿ ಹೋಗುತ್ತಿದ್ದ ಮೇಷ್ಟ್ರೊಬ್ಬರು ಹೊರೆ ಹೆಚ್ಚಾಯಿತೆಂದು ಬಸ್ಸಿನಲ್ಲೇ ಕೊಟ್ಟುಬಿಟ್ಟಿದ್ದರಂತೆ. ರಷ್ಯದ ಹಳೆಯ ಕಾದಂಬರಿ, ಕನ್ನಡಕ್ಕೆ ತಂದದ್ದು. ಒಬ್ಬೊಬ್ಬರಿಗೂ ಮೂರು ಮೂರು ಹೆಸರು. ಯಾರು ಯಾರೆಂದು ತಿಳಿಯದೆ ಸರಸ ಮೊದಲ ಅಧ್ಯಾಯದಲ್ಲೇ ಕೈಬಿಟ್ಟಳು.

ಬೀಡಿ ಎಲೆ ಬಾರದ ಒಂದು ದಿನ ಬೇಸರಕ್ಕೆ ನಡುವಿನಲ್ಲೆಲ್ಲೋ ತೆರೆದಳು. ವರ್ವಾರ ಎಂಬ ವಿಧವೆ ಕಿಟಕಿಯ ಬಳಿ ಕುಳಿತು ಬಟ್ಟೆ ಹೊಲಿಯುತ್ತಿದ್ದಾಳೆ. ಅವಳೇ ಹೊಲಿದ ಉಡುಪು ತೊಟ್ಟವರು ಗಾಡಿಯಲ್ಲಿ ಔತಣಕ್ಕೆ ಹೋಗುತ್ತಿದ್ದಾರೆ. ಅವರಲ್ಲೊಬ್ಬಳು ದಪ್ಪ ಯಜಮಾನತಿ ಕುಣಿಯುವಾಗ ಹೊಲಿಗೆ ಬಿಚ್ಚಿಕೊಂಡರೆ ಹೇಗಿರಬಹುದೆಂದು ನೆನೆದು ವರ್ವಾರ ಒಬ್ಬಳೇ ನಗುತ್ತಾಳೆ. ಸರಸಳಿಗೂ ನಗು ಬಂತು. ಊರವರು ಮದುವೆಗೆ ಹೊರಟಾಗ ಜಗಲಿಯಲ್ಲಿ ಕುಳಿತು ತಾನೂ ಹೀಗೆಯೇ ನಕ್ಕದ್ದುಂಟು. ಯಾರಿಗೂ ಹೇಳದ ಮಾತು ಅಷ್ಟು ದೂರದವರಿಗೆ ಹೇಗೆ ಗೊತ್ತಾಯಿತು? ಅವಳು ಮೊದಲ ಪುಟಕ್ಕೆ ಮರಳಿದಳು.

"ಒಬ್ಬಳೇ ನಗುವುದೆಂತ ಮಾರಾಯ್ತಿ?" ಮರುದಿನ ಪಕ್ಕದ ಮನೆಯ ಪಾತುಮ್ಮ ಕೇಳಿದಳು. ಅವಳಿಗೆ ಆಗಲೇ ಮೊಮ್ಮಕ್ಕಳಿದ್ದರು.

ಸರಸ ಕಥೆಯನ್ನು ತುಳುವಿನಲ್ಲಿ ಹೇಳಿದಳು. ಪಾತುಮ್ಮ ಸರಸಳ ಬೀಡಿ ಎಲೆಯ ಗೆರಸೆಯನ್ನು ತನ್ನತ್ತ ಎಳೆದುಕೊಂಡಳು. "ನೀನು ಓದು. ನಿನ್ನ ಬೀಡಿ ನಾವು ಕಟ್ತೇವೆ."

ಹಾಗೆ ದಿನವೂ ಓದು ನಡೆಯಿತು. ವರ್ವಾರ ಎನ್ನಲು ಬಾರದೆ ಹೆಂಗಸರು ಅವಳನ್ನು ವಾರಿಜಕ್ಕ ಮಾಡಿಕೊಂಡರು. ಕಥೆಯಲ್ಲಿ ವಾರಿಜಕ್ಕ ಮನೆಬಿಟ್ಟು ಹೋಗದಂತೆ ಅತ್ತೆ ಅವಳ ಬೂಟು ಅಡಗಿಸಿದಾಗ ಎದುರು ಮನೆಯ ಕಾಂತಿ, "ಬರಿಗಾಲಲ್ಲಿ ಹೋಗಲಿ, ನಾವು ಹೋಗುವುದಿಲ್ಲವಾ?" ಎಂದಳು.

"ಅಲ್ಲಿ ನೆಲವೆಲ್ಲ ಹಿಮ. ಮೀನಿನ ಪೆಟ್ಟಿಗೆಯ ಐಸಿನ ಮೇಲೆ ನಡೆದ ಹಾಗೆ," ಎಂದಳು ಸರಸ.

"ಹಾಗಾದರೆ ಆ ಅತ್ತೆಗೆ ಒಳ್ಳೆಯದಾಗುವುದಿಲ್ಲ," ಎಂದಳು ಪಾತುಮ್ಮ.

ವಾರಿಜಕ್ಕ ಕಾಲಿಗೆ ಗೋಣಿ ಸುತ್ತಿಕೊಂಡು ಹಿಮದಲ್ಲಿ ಹೊರಟಲ್ಲಿಗೇ ಓದು ನಿಂತಿತು. ಸರಸ ಟೈಫಾಯ್ಡ್ ಹಿಡಿದು ಮಲಗಿದಳು. ಗಂಜಿ ತರುತ್ತಿದ್ದ ಪಾತುಮ್ಮ ಒಂದು ದಿನ ಪುಸ್ತಕ ಬಿಡಿಸಿ ಬಹಳ ಹೊತ್ತು ನೋಡುತ್ತ ಕುಳಿತಳು.

"ವಾರಿಜಕ್ಕ ಎಲ್ಲಿಗೆ ಮುಟ್ಟಿದಳೆಂದು ಇದರಲ್ಲೇ ಉಂಟಲ್ಲ. ಕಣ್ಣೆದುರೇ ಉಂಟು, ನನಗೆ ಮಾತ್ರ ಕಾಣುವುದಿಲ್ಲ. ನನಗೆ ಅಕ್ಷರ ಕಲಿಸ್ತೀಯಾ?"

"ಕಲಿಸ್ತೇನೆ ಪಾತುಮ್ಮಕ್ಕ. ಮುಂದಿನ ಕಥೆ ನಾನು ಓದಿ ಆಗಿದೆ, ಈಗಲೇ ಹೇಳಿಬಿಡ್ತೇನೆ, ಅಲ್ಲಿವರೆಗೆ ಕಾಯುವುದು ಯಾಕೆ?"

"ಹೇಳಬೇಡ. ನಾನೇ ಓದ್ತೇನೆ."

ಸರಸ ಚೇತರಿಸಿಕೊಂಡು ಓದು ಮುಂದುವರಿಸಿದಾಗ ಪಾತುಮ್ಮ ಕಥೆ ಕಿವಿಗೆ ಬೀಳದಂತೆ ಗೆರಸೆ ಎತ್ತಿಕೊಂಡು ತನ್ನ ಮನೆಗೆ ಹೋಗುತ್ತಿದ್ದಳು. ಓದು ಮುಗಿದ ಮೇಲೆ ಮರಳಿ ಬಂದು, ಸರಸ ಒಲೆಯ ಆರಿದ ಮಸಿಕೆಂಡದಲ್ಲಿ ನೆಲದ ಮೇಲೆ ಬರೆದ ಅಕ್ಷರ ತಿದ್ದುವಳು. ಅವಳ ಹಟ ಕಂಡು ಕಾಂತಿಯೂ ಪಾತುಮ್ಮನ ಸೊಸೆ ಸೈನಬಳೂ ಕಲಿಯಲು ಕುಳಿತರು. ಒತ್ತಕ್ಷರ ಬಂದಾಗ ಪಾತುಮ್ಮ ಕಲಿಕೆ ಬಿಟ್ಟೇಬಿಡುತ್ತೇನೆಂದಳು. ಮರುದಿನ ಮತ್ತೆ ಬಂದಳು.

೧೯೬೧ರ ಬೇಸಿಗೆಯಲ್ಲಿ ಪಾತುಮ್ಮ ಸಾಲಿನ ಕೆಳಗೆ ಬೆರಳಿಟ್ಟು ತಾನು ಕೇಳದೆ ಬಿಟ್ಟ ಆ ಅಧ್ಯಾಯವನ್ನು ತಾನೇ ಗಟ್ಟಿಯಾಗಿ ಓದಿದಳು. ಅಂದು ಅವಳ ಬೀಡಿಯನ್ನು ಸರಸ ಕಟ್ಟಿದಳು. ವಾರಿಜಕ್ಕ ಹೊಳೆದಂಡೆಯ ಪೇಟೆಗೆ ತಲುಪಿ ದರ್ಜಿಯಂಗಡಿಯಲ್ಲಿ ಕೆಲಸಕ್ಕೆ ಕೂರುವಲ್ಲಿಗೆ ಬಂದಾಗ ಪಾತುಮ್ಮ ತಲೆಯೆತ್ತಿ, "ಮುಟ್ಟಿದಳು," ಎಂದಳು. ಅಂತ್ಯ ಬಲ್ಲವರೂ ಕಣ್ಣೊರೆಸಿಕೊಂಡರು.

ಸುದ್ದಿ ಶೇಖರನ ಬಸ್ಸಿನಲ್ಲೇ ಊರೂರಿಗೆ ಹೋಯಿತು. ಮರುವರ್ಷ ಗುರುವಾಯನಕೆರೆಯ ಮಹಿಳಾ ಮಂಡಲದವರು ಹೆಂಗಸರಿಗೆ ಓದು ಕಲಿಸಲು ಸರಸಳನ್ನು ಕರೆದರು. ಅಣ್ಣನ ಬಸ್ಸು ಅವಳನ್ನು ಮಂಡಲದ ಬಾಗಿಲಲ್ಲೇ ಇಳಿಸುತ್ತಿತ್ತು. ಪುಸ್ತಕವನ್ನೂ ಒಯ್ಯಬೇಕೆಂದಿದ್ದಳು, ಆದರೆ ಪಾತುಮ್ಮ ಅದನ್ನು ಮೊದಲಿನಿಂದ ಓದಲು ಹಿಡಿದಿದ್ದಳು, ಕೊಡಲಿಲ್ಲ.