ಲೈಟಿಗಿಂತ ಮೊದ್ಲು ಬುಟ್ಟಿ

ಎತ್ತರದ ಹಾಲಿಗೆ ತೂಗುವ ಲೈಟ್ ತಗೊಳ್ಳಿಕ್ಕೆ ಹೊರಟವ್ರು ಸ್ವಲ್ಪ ನಿಲ್ಲಿ. ಒಂದು ಬುಟ್ಟಿಯ ವಿಷಯ ಹೇಳ್ಲಿಕ್ಕುಂಟು, ಅದು ಮುಗಿಯುವವರೆಗೆ ಆರ್ಡರ್ ಕೊಡ್ಬೇಡಿ.

ನಮ್ಮ ವಯರಿಂಗ್ ಮಾವನ ಎರಡು ಹುಬ್ಬೂ ಯಾವಾಗ್ಲೂ ಬೆಳ್ಳಗೆ. ಪ್ರಾಯ ಆಗಿ ಅಲ್ಲ, ಸ್ಲ್ಯಾಬಿಗೆ ಡ್ರಿಲ್ ಹೊಡೆಯುವಾಗ ಬೀಳುವ ಸಿಮೆಂಟ್ ಹುಡಿ. ಸ್ನಾನ ಮಾಡಿದ್ರೂ ಸ್ವಲ್ಪ ಉಳೀತಿತ್ತು. ಸಂಬಂಧದಲ್ಲಿ ಮಾವ ಅಲ್ಲ, ಐವರ್ನಾಡಲ್ಲಿ ನಮ್ಮ ಪಕ್ಕದ ಮನೆಯವ್ರು. ಸುಳ್ಯ, ಪುತ್ತೂರು, ಕಡಬ ಅಂತ ಬೈಕಲ್ಲಿ ತಿರುಗಿ ಎಷ್ಟೋ ಮನೆಗಳಿಗೆ ವಯರಿಂಗ್ ಮಾಡಿದವ್ರು. ಬೈಕಿನ ಹಿಂದೆ ಟೂಲ್ ಬ್ಯಾಗ್, ಅದರ ಮೇಲೆ ಒಂದು ಬೆತ್ತದ ಬುಟ್ಟಿ.

ಯಾರಾದ್ರೂ ತೂಗುವ ಲೈಟ್ ಬೇಕು ಅಂದ್ರೆ ಮಾವ ಮೊದ್ಲು ಆ ಬುಟ್ಟಿಯನ್ನು ಕವುಚಿ, ಲೈಟ್ ಬರುವ ಜಾಗದಲ್ಲಿ ಹಗ್ಗ ಕಟ್ಟಿ ತೂಗಿಸುದು. ಎರಡು ದಿನ ಹಾಗೇ ಬಿಡುದು. ಮನೆಯವ್ರು ಅದರ ಅಡಿಯಲ್ಲೇ ಊಟ ಮಾಡ್ಬೇಕು, ಪೇಪರ್ ಓದ್ಬೇಕು, ಕಸ ಗುಡಿಸ್ಬೇಕು. "ನಿಂತವರ ತಲೆಗೆ ತಾಗ್ಬಾರ್ದು, ಕೂತವರ ಕಣ್ಣಿಗೆ ಬಲ್ಬ್ ಕುತ್ತಬಾರ್ದು. ಅದು ಸರಿಯಾದ ಮೇಲೆ ಅಂಗಡಿಗೆ ಹೋಗಿ" ಅಂತ ಹೇಳ್ತಿದ್ರು.

ಮೊದ್ಲ ಸಲ ನೋಡಿದಾಗ ನಾನು ಕೇಳಿದ್ದೆ, "ಎಂತ ಮಾವ, ಕೋಳಿ ಸಾಕ್ಲಿಕ್ಕಾ?"

"ಹೌದು. ನೀನೇ ಬಂದು ಮೊಟ್ಟೆ ಇಡು."

ನಂಗೆ ಲೈಟಿನ ಹುಚ್ಚು. ಯಾರೂ ಕಲಿಸಿದ್ದಲ್ಲ, ಎಲ್ಲ ವಿಡಿಯೋ ನೋಡಿ ಕಲ್ತದ್ದು. ಪುತ್ತೂರಲ್ಲಿ ಬಿಕಾಂ ಓದುವಾಗ ಲೈಟಿನ ಅಂಗಡಿ ಎದುರು ನಿಂತು ಎಷ್ಟೋ ಸಲ ಬಸ್ ತಪ್ಪಿಸಿಕೊಂಡಿದ್ದೇನೆ. ಹಾಗಾಗಿ ಕೋಡಿಂಬಾಳದ ಚಿಕ್ಕಮ್ಮ ಹೊಸ ಮನೆ ಕಟ್ಟಿದಾಗ, ಹಾಲಿಗೆ ಲೈಟ್ ಆರಿಸುವ ಕೆಲಸ ನಂಗೇ ಬಂತು. ಇಪ್ಪತ್ತಡಿ ಎತ್ತರದ ಹಾಲು. ಚಿಕ್ಕಮ್ಮ ಬ್ಲೌಸ್ ಹೊಲಿಯುವವ್ರು, ಮೆಷಿನ್ ಇಡುದೂ ಅಲ್ಲೇ. ನಾನು ಆರಿಸಿದ್ದು ಮೂರು ಚೈನಿನ ದೊಡ್ಡ ಗಾಜಿನ ಬೋಗುಣಿ, ಬಾಯಿ ಮೇಲಕ್ಕೆ. ಗೇಟಿಂದ ನೋಡಿದ್ರೂ ಕಾಣ್ಬೇಕು ಅಂತ ಸ್ಲ್ಯಾಬಿನ ಹತ್ತಿರವೇ ಹಾಕ್ಲಿಕ್ಕೆ ಹೇಳಿದೆ.

ಅಷ್ಟೊತ್ತಿಗೆ ಮಾವನ ಮೊಣಕಾಲು ಸೋತಿತ್ತು. ಏಣಿ ಹತ್ತಲೇಬಾರ್ದು ಅಂತ ಡಾಕ್ಟ್ರು ಹೇಳಿ ಆಗಿತ್ತು. "ಈ ಮನೆಯದ್ದೇ ಕೊನೆ. ನಾಳೆ ಏಣಿ ಮಾರುದು" ಅಂತ ಹೇಳಿಯೇ ಬಂದಿದ್ರು. ಬ್ಯಾಗಿನ ಮೇಲಿಂದ ಬುಟ್ಟಿ ತೆಗೆದ್ರು. ನಾನು ಕೈಯಿಂದ ತಗೊಂಡು ಪಕ್ಕಕ್ಕಿಟ್ಟೆ.

"ಇದೆಲ್ಲ ಈಗ ಬೇಡ ಮಾವ. ಎಲ್ಲ ನೋಡಿ ಆಗಿದೆ."

"ಅಡಿಯಲ್ಲಿ ಕೂರುವವ್ರು ಯಾರು?"

"ಚಿಕ್ಕಮ್ಮ."

"ಅವಳನ್ನು ಕೂರಿಸಿ ನೋಡಿದ್ಯಾ?"

ನೋಡಿರ್ಲಿಲ್ಲ. "ಅವಳು ಕಲ್ತಿದ್ದಾಳೆ ಅಣ್ಣ, ಹಾಕಿ" ಅಂದ್ರು ಚಿಕ್ಕಮ್ಮ. ಮಾವ ಏಣಿ ಹತ್ತಿ ಬೋಗುಣಿ ತೂಗಿಸಿದ್ರು.

ಮೇ ಕೊನೆಗೆ ಮೊದ್ಲ ಮಳೆ ಬಂತು. ಮರುದಿನವೇ ಚಿಕ್ಕಮ್ಮನ ಫೋನ್: "ನಿನ್ನ ಬೋಗುಣಿಯಲ್ಲಿ ಮಳೆಹುಳದ ಪಲ್ಯ ಆಗಿದೆ ಮಾರಾಯ್ತಿ! ಕಪ್ಪು ನೂಲು ಯಾವ್ದು, ನೀಲಿ ಯಾವ್ದು ಗೊತ್ತಾಗುದಿಲ್ಲ." ಒಂದು ಮದುವೆಯ ಹನ್ನೆರಡು ಬ್ಲೌಸ್ ನಾಲ್ಕು ದಿನದಲ್ಲಿ ಕೊಡ್ಬೇಕಿತ್ತು. ಸಿಡಿಲಿಗೆ ಎಷ್ಟೋ ಮನೆಗಳ ಮೀಟರ್ ಸುಟ್ಟು, ವಯರಿಂಗಿನವ್ರು ಒಬ್ರೂ ಫೋನ್ ತೆಗೀತಿಲ್ಲ. ನನ್ನಿಂದ ವಿಷಯ ಕೇಳಿ ಬಂದದ್ದು ಮಾವ. ಮಾರದೇ ಉಳಿದಿದ್ದ ಏಣಿಯನ್ನು ಪಿಕಪ್ಪಲ್ಲಿ ಹಾಕಿಸಿಕೊಂಡು, ನನ್ನನ್ನೂ ಕೂರಿಸಿಕೊಂಡು.

ನಾನೇ ಹತ್ತುತ್ತೇನೆ ಅಂತ ಹೊರಟೆ. ಐದನೇ ಮೆಟ್ಲಿಗೆ ಏಣಿ ಅಲ್ಲಾಡಿತು, ನಾನು ಅದನ್ನೇ ತಬ್ಬಿ ಹಿಡಿದೆ.

"ಇಳಿ ಮಾರಾಯ್ತಿ. ವಿಡಿಯೋದಲ್ಲಿ ಏಣಿ ಅಲ್ಲಾಡುದಿಲ್ಲ."

ಮಾವ ಒಂದೊಂದು ಮೆಟ್ಲಿಗೂ ಎರಡೂ ಕಾಲು ಇಟ್ಟು, ಸಣ್ಣ ಮಕ್ಕಳು ಹತ್ತುವ ಹಾಗೆ ಹತ್ತಿದ್ರು. ಅರ್ಧದಲ್ಲಿ ನಿಂತು ಹಣೆಯನ್ನು ಏಣಿಗೆ ಒತ್ತಿ ಹಿಡಿದ್ರು. ಉಸಿರಿನ ಶಬ್ದ ಕೆಳಗೆ ಕೇಳ್ತಿತ್ತು.

"ಸಾಕು ಅಣ್ಣ, ಇಳೀರಿ. ನಾನು ಹಗಲೇ ಹೊಲೀತೇನೆ."

"ಹಗಲು ನಿಂಗೆ ಅಡಿಗೆ ಇಲ್ವಾ?"

ಬೋಗುಣಿ ಕೆಳಗೆ ಬಂತು. ಅದೇ ಕೊಕ್ಕೆಗೆ ಒಂದು ಸಣ್ಣ ರಾಟೆ ಸಿಕ್ಕಿಸಿ, ತೆಳು ಸ್ಟೀಲ್ ಹಗ್ಗ ಇಳಿಬಿಟ್ಟು, ಅದರ ಇನ್ನೊಂದು ತುದಿಯನ್ನು ಗೋಡೆಯ ಕೊಕ್ಕೆಗೆ ತಂದ್ರು. ವಯರ್ ಸಾಕಷ್ಟು ಉದ್ದ ಬಿಟ್ರು. ಇಳಿದು ನೆಲದಲ್ಲೇ ಕೂತ್ರು. ಎರಡೂ ಕೈಯಲ್ಲಿ ಮೊಣಕಾಲು ತಿಕ್ಕಿದ್ರು. ಮತ್ತೆ, "ಈಗ ಬುಟ್ಟಿ ತಾ" ಅಂದ್ರು.

ಚಿಕ್ಕಮ್ಮ ಮೆಷಿನಿಗೆ ಕೂತ್ರು. ನಾನು ಹಗ್ಗ ಎಳೆದು ಬುಟ್ಟಿಯನ್ನು ಮೇಲೆ ಕೆಳಗೆ ಮಾಡಿದೆ. "ಇಲ್ಲಿ ಸಾಕು" ಅಂತ ಹೇಳಿದ್ದು ಚಿಕ್ಕಮ್ಮ, ನಾನಲ್ಲ. ಬುಟ್ಟಿ ಇದ್ದಲ್ಲಿಗೆ ಮಾವ ತಂದಿದ್ದ ತಗಡಿನ ಶೇಡ್ ಬಂತು, ಮೇಲೆ ಮುಚ್ಚಿ ಕೆಳಗೆ ಮಾತ್ರ ತೆರೆದಿರುವಂಥದ್ದು. ಅದು ಅವರ ಊಟದ ಮೇಜಿನ ಮೇಲೆ ಇದ್ದದ್ದು ಅಂತ ಆಮೇಲೆ ಗೊತ್ತಾಯ್ತು.

"ಇನ್ನು ಇದಕ್ಕೆ ಯಾರೂ ಹತ್ತುದು ಬೇಡ. ಇಳಿಸಿ ಒರೆಸಿದ್ರಾಯ್ತು" ಅಂದ್ರು, ಅಷ್ಟೇ. ನಂಗೆ ಬೈಲಿಲ್ಲ. ಬೈದಿದ್ರೆ ಒಳ್ಳೇದಿತ್ತು.

ಬ್ಲೌಸ್ ಹೊತ್ತಿಗೆ ಸರಿಯಾಗಿ ಹೋಯ್ತು. ಮಾವನ ಮೊಣಕಾಲು ಮತ್ತೆ ಮೊದ್ಲಿನ ಹಾಗೆ ಆಗ್ಲೇ ಇಲ್ಲ. ಈಗ ಕೋಲು ಹಿಡಿದು ಗೇಟಿನವರೆಗೆ ಬರ್ತಾರೆ, ಹುಬ್ಬು ಕಪ್ಪಾಗಿದೆ. ಹೇಗೆ ಹೇಳುದು, ಆ ಕಪ್ಪು ಹುಬ್ಬು ನೋಡ್ಲಿಕ್ಕೆ ನಂಗೆ ಆಗುದಿಲ್ಲ.

ಏಣಿ ಮಾರಿದ್ರು, ಬುಟ್ಟಿ ನಂಗೆ ಕೊಟ್ರು. ಅದನ್ನು ಹಿಡ್ಕೊಂಡು ಲೈಟ್ ಆರಿಸಿ ಕೊಡ್ಲಿಕ್ಕೆ ಮನೆ ಮನೆಗೆ ಹೋಗ್ತೇನೆ. ಹೋದಲ್ಲೆಲ್ಲ "ಬುಟ್ಟಿ ಎಂತಕ್ಕೆ, ಫೋಟೋ ತೋರ್ಸಿ" ಅಂತಾರೆ. ಮೊದ್ಲು ಇದನ್ನು ತೂಗಿಸಿ ನೋಡುವ ಅಂತ ಹೇಳಿ ಹೇಳಿ ಬಚ್ಚಿ ಸುಸ್ತಾಗಿದೆ. ಆದ್ರೂ ಹೇಳ್ತೇನೆ.

ಮಾವನ ಊಟದ ಮೇಜಿನ ಮೇಲೆ ಕೊಕ್ಕೆ ಖಾಲಿಯೇ ಇತ್ತು. ಕೇಳಿದ್ರೆ "ಟ್ಯೂಬ್ ಸಾಕು ಮಗಾ" ಅಂತಿದ್ರು. ಹೋದ ವಾರ ಕೇಳ್ದೆ ಹೋಗಿ, ಕುರ್ಚಿ ಹತ್ತಿ ಬುಟ್ಟಿ ತೂಗಿಸಿದೆ. ಮಾವ ಅಡಿಯಲ್ಲಿ ಕೂತು, ಕತ್ತು ಮೇಲೆ ಮಾಡಿ ತುಂಬ ಹೊತ್ತು ನೋಡಿದ್ರು.

"ಇನ್ನೂ ಸ್ವಲ್ಪ ಕೆಳಗೆ" ಅಂದ್ರು.

ನಿಮ್ಮ ಎತ್ತರದ ಹಾಲಲ್ಲಿ ಲೈಟ್ ಉಂಟಾ? ಅದರ ಅಡಿಯಲ್ಲಿ ಯಾರು ಕೂರ್ತಾರೆ, ಹುಳ ತುಂಬಿದಾಗ ಯಾರು ಹತ್ತುತ್ತಾರೆ, ಕೆಳಗೆ ಬರೀರಿ. ನಂಗೆ ಅದು ಗೊತ್ತಾಗ್ಬೇಕು.